ಗೈಡ್ ಮಕ್ಕಳು ಎಡಗೈ ಏಕೆ ಕೊಡುತ್ತಾರೆ?

ಪ್ರಶ್ನೆ: ನನ್ನ ಮಗಳು ನಾಲ್ಕನೇ ಕ್ಲಾಸು. ಈ ವರ್ಷ ಶಾಲೆಯಲ್ಲಿ ಬುಲ್‌ಬುಲ್ ಸೇರಿದ್ದಾಳೆ. ಅಮೆರಿಕದಲ್ಲಿರುವ ನನ್ನ ಅಕ್ಕನ ಮಗಳು ಅಲ್ಲಿ ಬ್ರೌನಿ ಅಂತೆ. ರಜೆಗೆ ಬಂದಾಗ ಇಬ್ಬರೂ ಎಡಗೈ ಕುಲುಕಿಕೊಂಡಿದ್ದು ನೋಡಿ ನಮ್ಮತ್ತೆಯವರು ಬೇಸರ ಮಾಡಿಕೊಂಡರು. ಫ್ಲಾಕ್, ಸಿಕ್ಸ್, ಕೋಮಲ್ ಪಂಖ್, ಪೆಟ್ರೋಲ್ ಎಂದೆಲ್ಲ ಮಗಳು ಹೇಳುವ ಮಾತುಗಳೂ ನಮಗೆ ಹೊಸವು. ಇವೆಲ್ಲ ಎಲ್ಲಿಂದ ಬಂದವು? ಇದರಿಂದ ಮಗುವಿಗೆ ಉಪಯೋಗವಿದೆಯೇ, ಇಲ್ಲ ಬರೀ ಕವಾಯತೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮತ್ತೆಯವರ ಬೇಸರ ನನಗೆ ಅರ್ಥವಾಗುತ್ತದೆ. ಎಡಗೈಯಲ್ಲಿ ಕೊಡಬಾರದು, ಎಡಗೈಯಲ್ಲಿ ತೆಗೆದುಕೊಳ್ಳಬಾರದು ಎಂದು ಮಕ್ಕಳಿಗೆ ಹೇಳಿಕೊಟ್ಟು ಬೆಳೆಸಿದವರು ಅವರು. ಆದ್ದರಿಂದ ಅಲ್ಲಿಂದಲೇ ಶುರುಮಾಡುತ್ತೇನೆ.

ಸ್ಕೌಟ್ ಮತ್ತು ಗೈಡ್ ಚಳವಳಿಯ ಸ್ಥಾಪಕ ರಾಬರ್ಟ್ ಬೇಡನ್ ಪೊವೆಲ್ ಬ್ರಿಟಿಷ್ ಸೇನೆಯ ಅಧಿಕಾರಿ. 1895–96ರಲ್ಲಿ ಪಶ್ಚಿಮ ಆಫ್ರಿಕಾದ ಆಶಾಂತಿ ರಾಜ್ಯದ ಮೇಲೆ, ಅಂದರೆ ಈಗಿನ ಘಾನಾ ದೇಶದ ಕುಮಾಸಿಗೆ, ಹೋದ ಪಡೆಯಲ್ಲಿ ಆತ ಇದ್ದ. ಅಲ್ಲಿನ ನಾಯಕನೊಬ್ಬ ಎಡಗೈ ಚಾಚಿ, ನಮ್ಮಲ್ಲಿ ಧೈರ್ಯವಂತರು ಕೈಕೊಡುವುದು ಹೀಗೆಯೇ ಎಂದನಂತೆ. ಯೋಧನ ಬಲಗೈಯಲ್ಲಿ ಆಯುಧ, ಎಡಗೈಯಲ್ಲಿ ಗುರಾಣಿ. ಎಡಗೈ ಕೊಡಬೇಕಾದರೆ ಗುರಾಣಿ ಕೆಳಗಿಡಬೇಕು, ಎದುರಿಗಿರುವವನನ್ನು ಪೂರ್ತಿ ನಂಬಿದವನು ಮಾತ್ರ ಹಾಗೆ ಮಾಡಬಲ್ಲ. ಈ ಕಥೆಯನ್ನು ಬೇರೆ ಬೇರೆ ಕಡೆ ಬೇರೆ ಬೇರೆ ರೀತಿ ಹೇಳುತ್ತಾರೆ, ಹಾಗಾಗಿ ಇದನ್ನು ಐತಿಹ್ಯವೆಂದೇ ಇಟ್ಟುಕೊಳ್ಳಿ. ನಮ್ಮ ಶಿಬಿರಗಳಲ್ಲಿ ಇನ್ನೊಂದು ಕಾರಣವನ್ನೂ ಹೇಳುವುದುಂಟು: ಎಡಗೈ ಹೃದಯಕ್ಕೆ ಹತ್ತಿರ. ಅನುಕೂಲದ ಮಾತೂ ಇದೆ. ಎಡಗೈ ಕುಲುಕುವಾಗ ಬಲಗೈ ಸೆಲ್ಯೂಟ್‌ಗೆ ಖಾಲಿ ಇರುತ್ತದೆ.

ಇದು ಗೈಡ್‌ಗಳು ತಮ್ಮತಮ್ಮೊಳಗೆ ಕೊಟ್ಟುಕೊಳ್ಳುವ ಗುರುತು ಮಾತ್ರ. ಪ್ರಸಾದಕ್ಕೆ, ಹಿರಿಯರಿಗೆ, ಅಂಗಡಿಯವರಿಗೆ ಅಲ್ಲ. ಮಗಳು ಅಜ್ಜಿಯ ಮುಂದೆ ಕೂತು ಆ ಗುರಾಣಿಯ ಕಥೆ ಹೇಳಲಿ. ಹೇಳಿದರೆ ಅವರ ಮನಸ್ಸು ತಿಳಿಯಾಗುತ್ತದೆ ಎಂದು ನನಗನಿಸುತ್ತದೆ.

ಇನ್ನು ಹೆಸರುಗಳು. ಬೇಡನ್ ಪೊವೆಲ್ 1908ರಲ್ಲಿ ಸ್ಕೌಟಿಂಗ್ ಬಗ್ಗೆ ಪುಸ್ತಕ ಬರೆದದ್ದು ಹುಡುಗರಿಗಾಗಿ. ಹುಡುಗಿಯರು ಅದನ್ನು ಓದಿ ತಾವೇ ತಂಡ ಕಟ್ಟಿಕೊಂಡರು, ಅಣ್ಣತಮ್ಮಂದಿರ ಟೋಪಿ ಹಾಕಿಕೊಂಡು ಕಾಡುಮೇಡು ಸುತ್ತಿದರು. 1909ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ಸ್ಕೌಟ್‌ಗಳ ದೊಡ್ಡ ರ್‍ಯಾಲಿ ನಡೆಯಿತು. ಸಾವಿರಾರು ಹುಡುಗರ ನಡುವೆ ಒಂದಷ್ಟು ಹುಡುಗಿಯರು ಕರೆಯದೆಯೇ ಬಂದು ನಿಂತಿದ್ದರು. ನೀವು ಯಾರು ಎಂದು ಕೇಳಿದಾಗ ತಾವು ಗರ್ಲ್ ಸ್ಕೌಟ್‌ಗಳು ಎಂದರು. ಹೆಣ್ಣುಮಕ್ಕಳು ಜೋರಾಗಿ ಓಡುವುದನ್ನೇ ಒಪ್ಪದ ಕಾಲ ಅದು. ಅವರನ್ನು ಹಾಗೇ ಬಿಡಲಿಕ್ಕೂ ಆಗದೆ, ಹುಡುಗರ ಜೊತೆ ಸೇರಿಸಿಕೊಳ್ಳಲಿಕ್ಕೂ ಆಗದೆ, 1910ರಲ್ಲಿ ಬೇಡನ್ ಪೊವೆಲ್ ತನ್ನ ತಂಗಿ ಆಗ್ನೆಸ್‌ಗೆ ಈ ಕೆಲಸ ಒಪ್ಪಿಸಿದ. ಗರ್ಲ್ ಗೈಡ್ಸ್ ಹುಟ್ಟಿದ್ದು ಹೀಗೆ. ದೊಡ್ಡವರು ಯೋಜನೆ ಹಾಕಿ ಹುಡುಗಿಯರಿಗೆ ಕೊಟ್ಟ ಸಂಸ್ಥೆಯಲ್ಲ ಇದು. ಹುಡುಗಿಯರು ಹಟ ಹಿಡಿದು ಪಡೆದುಕೊಂಡದ್ದು. ಈ ಚಳವಳಿಯ ಇತಿಹಾಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದೇ.

‘ಗೈಡ್’ ಎಂಬ ಹೆಸರಿನ ಹಿಂದೆ ನಮ್ಮ ಉಪಖಂಡವಿದೆ. ವಾಯವ್ಯ ಗಡಿಯಲ್ಲಿ, ಈಗ ಪಾಕಿಸ್ತಾನದಲ್ಲಿರುವ ಮರ್ದಾನ್‌ನಲ್ಲಿ ನೆಲೆಸಿದ್ದ ‘ಕೋರ್ ಆಫ್ ಗೈಡ್ಸ್’ ಎಂಬ ಪಡೆ 1846ರಲ್ಲಿ ಶುರುವಾದದ್ದು. ಬೆಟ್ಟಗುಡ್ಡಗಳ ದಾರಿ ಬಲ್ಲ, ಯಾವ ಹೊತ್ತಿಗೂ ಸಿದ್ಧರಿರುವ, ಸ್ವಂತ ಬುದ್ಧಿಯಿಂದ ಕೆಲಸ ಮಾಡಬಲ್ಲ ಸಿಪಾಯಿಗಳೆಂದು ಅವರಿಗೆ ಹೆಸರಿತ್ತು. ಸೈನ್ಯಕ್ಕೆ ಖಾಕಿ ಬಟ್ಟೆಯನ್ನು ಮೊದಲು ತಂದವರೂ ಅವರೇ. ಹುಡುಗಿಯರ ಸಂಘಕ್ಕೆ ಹೆಸರು ಹುಡುಕುವಾಗ ಬೇಡನ್ ಪೊವೆಲ್‌ಗೆ ನೆನಪಾದದ್ದು ಆ ಪಡೆ.

ಹಾಗಾದರೆ ಅಮೆರಿಕದಲ್ಲಿ ಗರ್ಲ್ ಸ್ಕೌಟ್ ಎನ್ನುವುದೇಕೆ? ಜೂಲಿಯೆಟ್ ಲೋ ಎಂಬ ಮಹಿಳೆ ಇಂಗ್ಲೆಂಡಿನಲ್ಲಿ ಇದನ್ನು ಕಂಡು, 1912ರ ಮಾರ್ಚ್ 12ರಂದು ತನ್ನ ಊರಾದ ಜಾರ್ಜಿಯಾ ರಾಜ್ಯದ ಸವಾನಾದಲ್ಲಿ 18 ಹುಡುಗಿಯರನ್ನು ಸೇರಿಸಿ ಶುರುಮಾಡಿದಳು. ಮೊದಲು ಅಲ್ಲೂ ಗೈಡ್ ಎಂದೇ ಇತ್ತು, ಮರುವರ್ಷ ಸ್ಕೌಟ್ ಎಂದಾಯಿತು. ಅಲ್ಲಿನ ಅತಿ ಚಿಕ್ಕ ಮಕ್ಕಳ ಗುಂಪಿಗೆ ‘ಡೇಸಿ’ ಎನ್ನುತ್ತಾರೆ. ಅದು ಜೂಲಿಯೆಟ್ಟಳನ್ನು ಮನೆಯವರು ಮುದ್ದಿನಿಂದ ಕರೆಯುತ್ತಿದ್ದ ಹೆಸರು. ಅದರ ಮುಂದಿನದು ನಿಮ್ಮ ಅಕ್ಕನ ಮಗಳ ಬ್ರೌನಿ.

ಬ್ರೌನಿಯ ಕಥೆ ಸ್ವಲ್ಪ ವಿವರವಾಗಿ ಹೇಳಬೇಕು. ಗೈಡ್ ವಯಸ್ಸು ತುಂಬದ ಪುಟ್ಟ ಮಕ್ಕಳಿಗೆ 1914ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಗುಂಪು ಮಾಡಿ ‘ರೋಸ್‌ಬಡ್’, ಅಂದರೆ ಗುಲಾಬಿ ಮೊಗ್ಗು ಎಂದು ಕರೆದರು. ಮಕ್ಕಳಿಗೆ ಆ ಹೆಸರು ಹಿಡಿಸಲಿಲ್ಲ. ಮರುವರ್ಷ ಬ್ರೌನಿ ಎಂದು ಬದಲಾಯಿತು. ಅದು ಜೂಲಿಯಾನಾ ಹೊರೇಷಿಯಾ ಯೂಯಿಂಗ್ ಬರೆದ ಮಕ್ಕಳ ಕಥೆಯೊಂದರಿಂದ ಬಂದದ್ದು. ಬ್ರೌನಿ ಎಂದರೆ ರಾತ್ರಿ ಯಾರೂ ಕಾಣದಂತೆ ಬಂದು ಮನೆಗೆಲಸ ಮಾಡಿಟ್ಟು ಹೋಗುವ ಪುಟ್ಟ ದೇವತೆ. ಅಪ್ಪನ ಕಷ್ಟ ಕಂಡ ಮಕ್ಕಳು ಅಂಥವರನ್ನು ಹುಡುಕಿಕೊಂಡು ಹೊರಡುತ್ತಾರೆ. ಗೂಬೆಯೊಂದು, ಬೆಳದಿಂಗಳಲ್ಲಿ ಕೊಳದ ನೀರಿನೊಳಗೆ ನೋಡು, ಬ್ರೌನಿ ಕಾಣುತ್ತದೆ ಎನ್ನುತ್ತದೆ. ನೋಡಿದರೆ ಕಾಣುವುದು ಮಗುವಿನದೇ ಮುಖ. ಇವತ್ತಿಗೂ ಹಲವು ಕಡೆ ಬ್ರೌನಿ ಪ್ರತಿಜ್ಞೆಯ ದಿನ ನೆಲದ ಮೇಲೊಂದು ಕನ್ನಡಿ ಇಟ್ಟು, ಸುತ್ತ ಸೊಪ್ಪು ಹೂವು ಜೋಡಿಸಿ, ಅದನ್ನೇ ಕೊಳವೆಂದು ಭಾವಿಸಿ ಮಗುವಿಗೆ ತೋರಿಸುತ್ತಾರೆ. ಮನೆಯಲ್ಲಿ ಕೆಲಸ ಮಾಡಬೇಕಾದವಳು ನೀನೇ ಎಂದು ಉಪದೇಶ ಮಾಡುವುದಕ್ಕಿಂತ ಇದು ಎಷ್ಟೋ ಚೆನ್ನಾಗಿದೆ.

ಭಾರತಕ್ಕೆ ಬಂದಾಗ ಹೆಸರು ಮತ್ತೆ ಬದಲಾಯಿತು. ಇಲ್ಲಿನ ಪುಟ್ಟ ಮಕ್ಕಳು ಮೊದಲು ‘ಬ್ಲೂಬರ್ಡ್’ ಆದರು, ಆಮೇಲೆ ಬುಲ್‌ಬುಲ್. ಬಾಂಗ್ಲಾದೇಶದಲ್ಲಿ ಇದೇ ವಯಸ್ಸಿನವರು ಹಳದಿ ಹಕ್ಕಿಗಳು. ಬುಲ್‌ಬುಲ್ ಎಂದರೆ ನಮ್ಮ ಪಿಕಳಾರವೇ, ತಲೆಯ ಮೇಲೆ ಜುಟ್ಟು ನಿಮಿರಿಸಿಕೊಂಡು ಹಿತ್ತಲಿನ ಪೊದೆಗಳಲ್ಲಿ ಸದಾ ಗಲಗಲ ಮಾಡುವ ಹಕ್ಕಿ. ಆ ವಯಸ್ಸಿನ ಹೆಣ್ಣುಮಕ್ಕಳಿಗೆ ಇದಕ್ಕಿಂತ ಒಪ್ಪುವ ಹೆಸರು ಬೇರೆ ಇಲ್ಲ. ಹಕ್ಕಿ ಬಂದ ಮೇಲೆ ಉಳಿದ ಮಾತುಗಳೂ ಅದರ ಹಿಂದೆಯೇ ಬಂದವು. ಇಡೀ ಗುಂಪು ಒಂದು ಫ್ಲಾಕ್, ಅಂದರೆ ಹಕ್ಕಿಗಳ ಹಿಂಡು. ನೋಡಿಕೊಳ್ಳುವ ಟೀಚರ್ ಫ್ಲಾಕ್ ಲೀಡರ್. ಆರಾರು ಮಕ್ಕಳ ಒಂದೊಂದು ಚಿಕ್ಕ ತಂಡಕ್ಕೆ ಸಿಕ್ಸ್ ಎಂದೂ ಅದರ ನಾಯಕಿಗೆ ಸಿಕ್ಸರ್ ಎಂದೂ ಹೆಸರು. ಕಲಿಕೆಯ ಮೆಟ್ಟಿಲುಗಳು ಕೋಮಲ್ ಪಂಖ್, ರಜತ್ ಪಂಖ್, ಸ್ವರ್ಣ ಪಂಖ್, ಹೀರಕ್ ಪಂಖ್. ಎಳೆಯ ರೆಕ್ಕೆ ಬೆಳ್ಳಿಯದಾಗಿ, ಚಿನ್ನದ್ದಾಗಿ, ಕೊನೆಗೆ ವಜ್ರದ್ದಾಗುತ್ತದೆ. ನಡುವೆ ಬುಲ್‌ಬುಲ್ ಟ್ರೀ ನಿಲ್ಲಿಸಿ ಅದರ ಸುತ್ತ ಸೇರುತ್ತಾರೆ. ಹುಡುಗರ ಕಬ್ ಗುಂಪಿನಲ್ಲಿ ಎಲ್ಲವೂ ಮೋಗ್ಲಿಯ ಕಾಡಿನ ಕಥೆಯಿಂದ ಬಂದಿದ್ದರೆ ಬುಲ್‌ಬುಲ್‌ಗಳಿಗೆ ತಾರಾ ಎಂಬ ಹುಡುಗಿಯ ಕಥೆ. ಮಗಳ ಬಾಯಲ್ಲಿ ಅದನ್ನು ಕೇಳಿಸಿಕೊಳ್ಳಿ, ಕೋಮಲ್ ಪಂಖ್‌ಗೆ ಅವಳದನ್ನು ಹೇಳಲು ಬರಬೇಕು.

ಹತ್ತು ತುಂಬಿದ ಮೇಲೆ ಬುಲ್‌ಬುಲ್ ಹಾರಿಹೋಗಿ ಗೈಡ್ ಆಗುತ್ತಾಳೆ. ಅದಕ್ಕೆ ‘ಫ್ಲೈ ಅಪ್’ ಎಂದೇ ಹೆಸರು. ಅಮೆರಿಕದಲ್ಲಿ ಇದೇ ಘಟ್ಟಕ್ಕೆ ‘ಬ್ರಿಜಿಂಗ್’ ಎನ್ನುತ್ತಾರೆ. ಒಂದು ಪುಟ್ಟ ಮರದ ಸೇತುವೆ ಮಾಡಿ ಮಕ್ಕಳನ್ನು ಈ ಕಡೆಯಿಂದ ಆ ಕಡೆಗೆ ದಾಟಿಸುತ್ತಾರೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಂತೂ ದೂರದೂರದಿಂದ ಬಂದ ಹುಡುಗಿಯರು ಗೋಲ್ಡನ್ ಗೇಟ್ ಸೇತುವೆಯನ್ನೇ ನಡೆದು ದಾಟುತ್ತಾರೆ.

ಗೈಡ್ ಆದಮೇಲೆ ಫ್ಲಾಕ್ ಹೋಗಿ ಕಂಪನಿ ಬರುತ್ತದೆ, ಕನ್ನಡದಲ್ಲಿ ಗೈಡ್ ದಳ ಎನ್ನುತ್ತೇವೆ. ಅದರ ಟೀಚರ್ ಗೈಡ್ ಕ್ಯಾಪ್ಟನ್. ಪ್ರವೇಶ, ಪ್ರಥಮ ಸೋಪಾನ, ದ್ವಿತೀಯ, ತೃತೀಯ, ಆಮೇಲೆ ರಾಜ್ಯ ಪುರಸ್ಕಾರ, ಕೊನೆಗೆ ರಾಷ್ಟ್ರಪತಿ ಪುರಸ್ಕಾರ. ಈ ಕೊನೆಯದಕ್ಕೆ ರೈಲ್ವೆ ನೇಮಕಾತಿಯಲ್ಲಿ ಪ್ರತ್ಯೇಕ ಕೋಟಾ ಇರುವುದರಿಂದ ಅನೇಕ ಪೋಷಕರಿಗೆ ಇದೊಂದೇ ಗೊತ್ತು. ನಾನು ಹೇಳಬೇಕೆಂದಿರುವುದು ಬೇರೆಯದರ ಬಗ್ಗೆ, ಪೆಟ್ರೋಲ್ ಬಗ್ಗೆ.

ಆರರಿಂದ ಎಂಟು ಹುಡುಗಿಯರ ತಂಡಕ್ಕೆ ಪೆಟ್ರೋಲ್ ಎಂದು ಹೆಸರು. ಸಾಮಾನ್ಯವಾಗಿ ಹೂವಿನ ಹೆಸರಿಡುತ್ತಾರೆ, ಗುಲಾಬಿ, ಕಮಲ, ಮಲ್ಲಿಗೆ ಹೀಗೆ. ಅವರಲ್ಲೇ ಒಬ್ಬಳು ಪೆಟ್ರೋಲ್ ಲೀಡರ್, ಇನ್ನೊಬ್ಬಳು ಸೆಕೆಂಡ್. ಅವರಿಗೆ ತಮ್ಮದೇ ಬಾವುಟ, ತಮ್ಮದೇ ಕೂಗು, ತಮ್ಮದೇ ಮೂಲೆ. ಶಿಬಿರಕ್ಕೆ ಹೋದರೆ ತಮ್ಮ ಟೆಂಟ್ ತಾವೇ ಕಟ್ಟಬೇಕು, ಕೋಲು ಹಗ್ಗ ಸೇರಿಸಿ ಪಾತ್ರೆ ಇಡುವ ಸ್ಟ್ಯಾಂಡನ್ನೂ ಚಪ್ಪಲಿ ಇಡುವ ಸ್ಟ್ಯಾಂಡನ್ನೂ ಮಾಡಬೇಕು, ಒಲೆ ಹೂಡಿ ಅಡುಗೆ ಮಾಡಬೇಕು. ಅಡುಗೆಗೆ ಯಾರು, ನೀರಿಗೆ ಯಾರು, ಸೌದೆಗೆ ಯಾರು ಎಂಬುದನ್ನು ಪೆಟ್ರೋಲ್‌ನವರೇ ಕೂತು ಹಂಚಿಕೊಳ್ಳುತ್ತಾರೆ. ಅನ್ನ ತಳಹಿಡಿದರೆ ತಿನ್ನುವವರೂ ಅವರೇ.

ಇದರ ಮೇಲಿನದು ‘ಕೋರ್ಟ್ ಆಫ್ ಆನರ್’. ಹೆಸರು ಕೇಳಿದರೆ ನ್ಯಾಯಾಲಯ ಎನಿಸಬಹುದು. ಎಲ್ಲ ಪೆಟ್ರೋಲ್ ಲೀಡರ್‌ಗಳು ಕೂತು ದಳದ ವ್ಯವಹಾರ ತೀರ್ಮಾನಿಸುವ ಸಭೆ ಇದು. ಮುಂದಿನ ಹೈಕ್ ಎಲ್ಲಿಗೆ, ದಳದ ದುಡ್ಡು ಎಷ್ಟಿದೆ, ಅದನ್ನು ಯಾವುದಕ್ಕೆ ಖರ್ಚು ಮಾಡುವುದು, ಪ್ರತಿಜ್ಞೆ ಸ್ವೀಕರಿಸಲು ಯಾರು ಸಿದ್ಧರಾಗಿದ್ದಾರೆ, ತಪ್ಪು ಮಾಡಿದವಳಿಗೆ ಏನು ಹೇಳಬೇಕು ಎಂಬುದನ್ನೆಲ್ಲ ಹನ್ನೆರಡು ಹದಿಮೂರು ವರ್ಷದ ಹುಡುಗಿಯರೇ ಚರ್ಚಿಸುತ್ತಾರೆ. ಕ್ಯಾಪ್ಟನ್ ಪಕ್ಕದಲ್ಲಿ ಕೂತಿರುತ್ತಾರೆ, ಸಲಹೆ ಕೊಡುತ್ತಾರೆ, ಆದರೆ ಸಭೆ ಮಕ್ಕಳದು. ನಮ್ಮ ಮನೆಗಳಲ್ಲಿ ಆ ವಯಸ್ಸಿನ ಹುಡುಗಿಯನ್ನು ಯಾವ ವಿಷಯಕ್ಕೆ ಕೂರಿಸಿಕೊಂಡು ಅಭಿಪ್ರಾಯ ಕೇಳುತ್ತೇವೆ? ಶಾಲೆಯಲ್ಲಿ ಕೇಳುತ್ತೇವೆಯೇ? ಗೈಡ್ ಪದ್ಧತಿಯ ಜೀವ ಇಲ್ಲಿದೆ. ಸ್ಕಾರ್ಫ್, ಸೀಟಿ, ಬ್ಯಾಡ್ಜ್, ಸೆಲ್ಯೂಟ್ ಎಲ್ಲವೂ ಈ ಒಂದು ಕೆಲಸ ಸಾಗಲಿಕ್ಕೆ ಬೇಕಾದ ಸರಂಜಾಮು.

ಸರಂಜಾಮಿನ ಅರ್ಥವನ್ನೂ ಬಿಡುವುದು ಬೇಡ. ಸೆಲ್ಯೂಟಿನ ಮೂರು ಬೆರಳು ಪ್ರತಿಜ್ಞೆಯ ಮೂರು ಭಾಗಗಳು: ದೇವರಿಗೂ ದೇಶಕ್ಕೂ ಸಲ್ಲಿಸುವ ಕರ್ತವ್ಯ, ಪರರಿಗೆ ನೆರವು, ಗೈಡ್ ನಿಯಮದ ಪಾಲನೆ. ಭಾರತದ ಪ್ರತಿಜ್ಞೆಯಲ್ಲಿ ಬೇಕೆಂದರೆ ‘ದೇವರು’ ಎಂಬ ಕಡೆ ‘ಧರ್ಮ’ ಎನ್ನಬಹುದು. ನಮ್ಮಲ್ಲಿ ಒಂಬತ್ತು ನಿಯಮಗಳಿವೆ. ಪ್ರಾಣಿಗಳಿಗೆ ಮಿತ್ರಳಾಗಿರುವುದು, ಸಾರ್ವಜನಿಕ ಆಸ್ತಿ ಕಾಪಾಡುವುದು, ದುಂದುವೆಚ್ಚ ಮಾಡದಿರುವುದು ಅವುಗಳಲ್ಲಿ ಸೇರಿವೆ. ಗೈಡ್‌ಗಳ ಗುರುತಾದ ಮೂರೆಲೆಯ ಟ್ರೆಫಾಯಿಲ್ ಕೂಡ ಅದೇ ಮೂರು ಮಾತನ್ನು ಸೂಚಿಸುತ್ತದೆ. ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಬ್ಯಾಡ್ಜಿನಲ್ಲಿ ಹುಡುಗರ ಲಿಲಿ ಹೂವು, ಹುಡುಗಿಯರ ಮೂರೆಲೆ, ನಡುವೆ ಅಶೋಕ ಚಕ್ರ ಒಟ್ಟಿಗಿವೆ. ಸ್ಕಾರ್ಫಿನ ತುದಿಯ ಗಂಟು ದಿನಕ್ಕೊಂದು ಉಪಕಾರ ಮಾಡಬೇಕೆಂಬುದನ್ನು ನೆನಪಿಸಲಿಕ್ಕೆ. ಬಿಚ್ಚಿದರೆ ಅದೇ ಸ್ಕಾರ್ಫ್ ಮುರಿದ ಕೈಗೆ ಜೋಳಿಗೆ ಕಟ್ಟುವ ಬಟ್ಟೆ. ಪ್ರಾರ್ಥನೆ 90 ಸೆಕೆಂಡಿನಲ್ಲಿ, ಧ್ವಜಗೀತೆ 45ರಲ್ಲಿ, ರಾಷ್ಟ್ರಗೀತೆ 52ರಲ್ಲಿ ಮುಗಿಯಬೇಕೆಂದು ಮಕ್ಕಳು ಗಡಿಯಾರ ಹಿಡಿದು ಅಭ್ಯಾಸ ಮಾಡುತ್ತಾರೆ.

ಹಾಡು, ಕುಣಿತ, ಕಿರುನಾಟಕ, ತರಹೇವಾರಿ ಚಪ್ಪಾಳೆಗಳ ಶಿಬಿರಾಗ್ನಿಯನ್ನು ನಿಮ್ಮ ಮಗಳೇ ವರ್ಣಿಸುತ್ತಾಳೆ, ಅದನ್ನು ನಾನು ಹೇಳುವುದಿಲ್ಲ. ದಾರಿಯ ಗುರುತುಗಳ ಬಗ್ಗೆ ಮಾತ್ರ ಒಂದು ವಿಷಯ. ಕಾಡಿನಲ್ಲಿ ಮುಂದೆ ಹೋದವರು ಹಿಂದೆ ಬರುವವರಿಗಾಗಿ ಕಲ್ಲು, ಕಡ್ಡಿ, ಹುಲ್ಲಿನಲ್ಲಿ ಗುರುತು ಬಿಟ್ಟು ಹೋಗುತ್ತಾರೆ: ಈ ಕಡೆ ಹೋಗಿ, ಇಲ್ಲಿ ತಿರುಗಬೇಡಿ, ನೀರಿದೆ. ಕೊನೆಯ ಗುರುತು ಒಂದು ವೃತ್ತ, ನಡುವೆ ಚುಕ್ಕಿ. ನಾನು ಮನೆಗೆ ಹೋದೆ ಎಂದು ಅದರರ್ಥ. 1941ರಲ್ಲಿ ತೀರಿಕೊಂಡ ಬೇಡನ್ ಪೊವೆಲ್‌ನ ಸಮಾಧಿ ಕೆನ್ಯಾದ ನ್ಯೇರಿಯಲ್ಲಿದೆ. ಆ ಕಲ್ಲಿನ ಮೇಲೆ ಇದೇ ಗುರುತು ಕೊರೆದಿದ್ದಾರೆ.

ಫೆಬ್ರವರಿ 22 ಹತ್ತಿರ ಬಂದಾಗ ಮಗಳು ಚಿಂತನಾ ದಿನ ಎನ್ನುತ್ತಾಳೆ. ಬೇಡನ್ ಪೊವೆಲ್ ಮತ್ತು ಆತನ ಹೆಂಡತಿ, ಗೈಡ್‌ಗಳ ವಿಶ್ವ ಮುಖ್ಯಸ್ಥೆಯಾಗಿದ್ದ ಓಲೇವ್, ಇಬ್ಬರೂ ಹುಟ್ಟಿದ್ದು ಅದೇ ತಾರೀಖಿನಂದು, ಆತ 1857ರಲ್ಲಿ, ಆಕೆ 1889ರಲ್ಲಿ. 1926ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಸೇರಿದ ಗೈಡ್‌ಗಳ ವಿಶ್ವ ಸಮ್ಮೇಳನ, ಆ ದಿನ ಎಲ್ಲ ದೇಶದ ಗೈಡ್‌ಗಳೂ ಒಬ್ಬರನ್ನೊಬ್ಬರು ನೆನೆಯಬೇಕೆಂದು ತೀರ್ಮಾನಿಸಿತು. 1932ರಲ್ಲಿ ಪೋಲೆಂಡಿನ ಸಮ್ಮೇಳನದಲ್ಲಿ ಬೆಲ್ಜಿಯಂನ ಪ್ರತಿನಿಧಿಯೊಬ್ಬರು, ಹುಟ್ಟುಹಬ್ಬವೆಂದ ಮೇಲೆ ಉಡುಗೊರೆ ಬೇಡವೇ ಎಂದರು. ಓಲೇವ್ ಎಲ್ಲ ಹುಡುಗಿಯರಿಗೂ ಪತ್ರ ಬರೆದು ಒಂದೊಂದು ಪೆನ್ನಿ ಕೊಡಿ ಎಂದು ಕೇಳಿದರು. ಆ ನಿಧಿ ಈಗಲೂ ನಡೆಯುತ್ತಿದೆ, ಬೇರೆ ದೇಶದ ಹುಡುಗಿಯರಿಗೆ ನೆರವಾಗುತ್ತಿದೆ. ಅಮೆರಿಕದ ಮಕ್ಕಳು ಬಿಸ್ಕತ್ತು ಮಾರಿ ತಮ್ಮ ತಂಡಕ್ಕೆ ದುಡ್ಡು ಕೂಡಿಸುತ್ತಾರೆ. 1917ರಲ್ಲಿ ಒಕ್ಲಹೋಮಾದ ಮಸ್ಕೋಗಿ ಎಂಬ ಊರಿನಲ್ಲಿ ಶುರುವಾದ ಪದ್ಧತಿ ಅದು. ನಮ್ಮಲ್ಲಿ ನವೆಂಬರ್ 7ರ ಧ್ವಜ ದಿನದಂದು ಮಕ್ಕಳು ಸ್ಟಿಕರ್ ಹಿಡಿದು ದುಡ್ಡು ಕೂಡಿಸಲು ಬರುತ್ತಾರೆ. 1950ರ ನವೆಂಬರ್ 7ರಂದು ಬೇರೆಬೇರೆಯಾಗಿದ್ದ ಸ್ಕೌಟ್ ಸಂಘಗಳು ಒಂದಾದವು, ಅದಕ್ಕಾಗಿ ಆ ದಿನ. ಗೈಡ್‌ಗಳ ಸಂಘ ಬಂದು ಸೇರಿದ್ದು 1951ರ ಆಗಸ್ಟ್ 15ರಂದು.

ಆ ಒಂದಾಗುವಿಕೆಯ ಹಿಂದೆ ಒಂದು ಹೋರಾಟವೇ ಇದೆ. ಬೆಂಗಳೂರಿನಲ್ಲಿ 1909ರಲ್ಲೇ ಸ್ಕೌಟ್ ತಂಡ ಶುರುವಾಗಿತ್ತು, ಜಬಲ್ಪುರದಲ್ಲಿ 1911ರಲ್ಲಿ ದೇಶದ ಮೊದಲ ಗೈಡ್ ದಳ ಬಂತು. ಆದರೆ ಮೊದಮೊದಲು ಭಾರತೀಯ ಹುಡುಗರಿಗೆ ಸ್ಕೌಟ್ ಆಗುವ ಅವಕಾಶವಿರಲಿಲ್ಲ. ಆನಿ ಬೆಸೆಂಟ್ ಮದ್ರಾಸಿನಲ್ಲಿ, ಮದನ ಮೋಹನ ಮಾಳವೀಯ ಮತ್ತು ಹೃದಯನಾಥ ಕುಂಜ್ರು ಅಲಹಾಬಾದಿನಲ್ಲಿ ನಮ್ಮದೇ ಸಂಘ ಕಟ್ಟಿ ಆ ಬಾಗಿಲು ತೆರೆಸಿದರು. ಆಗ್ನೆಸ್ ಬೇಡನ್ ಪೊವೆಲ್‌ರ 1912ರ ಗೈಡ್ ಕೈಪಿಡಿಯ ಹೆಸರಲ್ಲೇ ಸಾಮ್ರಾಜ್ಯ ಕಟ್ಟುವ ಮಾತಿದೆ. ಹಾಗೆ ಹುಟ್ಟಿದ್ದನ್ನು ನಮ್ಮವರು ಸೇವೆಯ ಕಡೆಗೆ ತಿರುಗಿಸಿಕೊಂಡರು. ಇದು ಸಣ್ಣ ಸಾಧನೆಯಲ್ಲ. ದೊಡ್ಡಬಳ್ಳಾಪುರದಲ್ಲಿರುವ ನಮ್ಮ ರಾಜ್ಯದ ತರಬೇತಿ ಕೇಂದ್ರಕ್ಕೆ ಆನಿ ಬೆಸೆಂಟರ ಹೆಸರಿದೆ. 1928ರಲ್ಲಿ ಗೈಡ್‌ಗಳ ವಿಶ್ವ ಸಂಘ ಹುಟ್ಟಿದಾಗ ಭಾರತ ಸ್ಥಾಪಕ ಸದಸ್ಯ ದೇಶ. ಅದರ ವಿಶ್ವ ಕೇಂದ್ರಗಳಲ್ಲಿ ಒಂದಾದ ‘ಸಂಗಮ್’ 1966ರಿಂದ ಪುಣೆಯಲ್ಲಿದೆ. ದೊಡ್ಡವಳಾದ ಮೇಲೆ ನಿಮ್ಮ ಮಗಳು ಅಲ್ಲಿಗೆ ಹೋದರೆ, ಅಕ್ಕನ ಮಗಳಂಥವರು ಅದೇ ಎಡಗೈ ಚಾಚುತ್ತಾರೆ.

ಉಪಯೋಗವೋ ಕವಾಯತೋ ಎಂದು ಕೇಳಿದ್ದೀರಿ. ನಿಜ ಹೇಳಬೇಕೆಂದರೆ ಅದು ಶಾಲೆಯನ್ನು ಅವಲಂಬಿಸಿದೆ. ಎಷ್ಟೋ ಕಡೆ ಸಮವಸ್ತ್ರ ಹೊಲಿಸುತ್ತಾರೆ, ಸ್ಕಾರ್ಫ್ ಕೊಡುತ್ತಾರೆ, ಆಮೇಲೆ ಮಕ್ಕಳನ್ನು ಕರೆಯುವುದು ಅತಿಥಿಗಳು ಬಂದಾಗ ಬಾಗಿಲ ಎರಡೂ ಕಡೆ ಸಾಲಾಗಿ ನಿಂತು ಚಪ್ಪಾಳೆ ತಟ್ಟಲಿಕ್ಕೆ, ಜಾತ್ರೆ ಸಭೆಗಳಲ್ಲಿ ನೀರು ಹಂಚಲಿಕ್ಕೆ. ಸಿಕ್ಸ್ ಇದೆ, ಸಿಕ್ಸರ್‌ಗೆ ಮಾಡುವ ಕೆಲಸವಿಲ್ಲ. ಪೆಟ್ರೋಲ್ ಹೆಸರು ರಿಜಿಸ್ಟರಿನಲ್ಲಿದೆ, ಕೋರ್ಟ್ ಆಫ್ ಆನರ್ ಒಮ್ಮೆಯೂ ಕೂತಿಲ್ಲ. ಇದು ನನಗೆ ನೋವಿನ ವಿಷಯ. ಸಂಪ್ರದಾಯದ ಮಾತುಗಳನ್ನೆಲ್ಲ ಉಳಿಸಿಕೊಂಡು ಅವು ಯಾವುದಕ್ಕಾಗಿ ಬಂದವೋ ಅದನ್ನೇ ಕೈಬಿಟ್ಟರೆ ಅದು ಮಕ್ಕಳಿಗೆ ಮಾಡುವ ಅನ್ಯಾಯ. ಇದರಲ್ಲಿ ಟೀಚರುಗಳನ್ನು ದೂರುವಂತಿಲ್ಲ. ಇಡೀ ದಿನದ ಪಾಠದ ಮೇಲೆ ಇದನ್ನು ಹೆಚ್ಚಿನ ಹೊರೆಯಾಗಿ ಹೊತ್ತವರು ಅವರು. ಶಿಬಿರಕ್ಕೆ ಕಳಿಸಿ ಎಂದರೆ ಒಪ್ಪದ ತಂದೆತಾಯಿಯರೇ ಹೆಚ್ಚು, ಅದರಲ್ಲೂ ಹುಡುಗಿಯರನ್ನು.

ನೀವು ಮಾಡಬಹುದಾದದ್ದು ಇಷ್ಟು. ಫ್ಲಾಕ್ ಲೀಡರ್ ಟೀಚರನ್ನು ಒಮ್ಮೆ ಭೇಟಿಯಾಗಿ, ವಾರಕ್ಕೊಮ್ಮೆ ಫ್ಲಾಕ್ ಸೇರುತ್ತದೆಯೇ, ಮಕ್ಕಳಿಗೆ ಏನು ಜವಾಬ್ದಾರಿ ಕೊಡುತ್ತೀರಿ ಎಂದು ವಿಚಾರಿಸಿ. ಸಹಾಯ ಬೇಕಿದ್ದರೆ ನಾವು ಇಬ್ಬರು ಮೂವರು ತಾಯಂದಿರು ಬರುತ್ತೇವೆ ಎಂದೂ ಹೇಳಿ. ಹರಿಹರದ ಹತ್ತಿರ ಸ್ಕೌಟ್ ಗೈಡ್ ಶಿಬಿರಗಳು ನಡೆಯುವ ಕೊಂಡಜ್ಜಿ ನಿಮಗೆ ದೂರವೇನಲ್ಲ. ಅಲ್ಲಿ ಶಿಬಿರವಿದ್ದಾಗ ಅವಕಾಶ ಬಂದರೆ ಮಗಳನ್ನು ಧೈರ್ಯವಾಗಿ ಕಳಿಸಿ. ಇನ್ನು ಒಂದು ವರ್ಷಕ್ಕೆ ಅವಳಿಗೆ ಗೈಡ್ ಆಗುವ ವಯಸ್ಸು. ಅನೇಕ ಮಕ್ಕಳ ವಿಷಯದಲ್ಲಿ ಕೊಂಡಿ ಕಳಚುವುದು ಅಲ್ಲೇ, ಬುಲ್‌ಬುಲ್ ಇದ್ದ ಶಾಲೆಯಿಂದ ಗೈಡ್ ದಳವಿಲ್ಲದ ಶಾಲೆಗೆ ಹೋದಾಗ. ಮುಂದಿನ ಶಾಲೆ ಹುಡುಕುವಾಗ ಫೀಸು, ಫಲಿತಾಂಶ ವಿಚಾರಿಸುವ ಜೊತೆಗೆ ಅಲ್ಲಿ ಗೈಡ್ ದಳ ಇದೆಯೇ, ಅದರ ಪೆಟ್ರೋಲ್‌ಗಳು ನಿಜವಾಗಿ ಸೇರುತ್ತವೆಯೇ ಎಂದು ದಯವಿಟ್ಟು ಒಂದು ಮಾತು ಕೇಳಿ.